ಉಜ್ಜಿದರೂ ಹೋಗದ ಕೆಂಪು

ಸುಸ್ಸ್ ಎಂದು ಒಂದೇ ಸಮನೆ ಬುಸುಗುಡುತ್ತಿದೆ ಆಸ್ಪತ್ರೆಯ ಆ ಕಬ್ಬಿಣದ ಪೀಪಾಯಿ, ಸೊಸೆ ಇನ್‌ಸುಕ್ ಅದರೊಳಗೆ ಮಲಗಿದ್ದಾಳೆ, ಗುಂಡು ಗಾಜಿನ ಕಿಂಡಿಯಲ್ಲಿ ಮುಖವಷ್ಟೇ ಕಾಣುತ್ತದೆ, ಆ ಕೆನ್ನೆ ನೋಡು, ಸಾಯುವವಳ ಕೆನ್ನೆಯೇ ಇದು, ಮದುವೆಯ ದಿನವೂ ಇಷ್ಟು ಕೆಂಪಗಿರಲಿಲ್ಲ — ಮಾಲ್‌ಸುನ್‌ಗೆ ಈ ಡಾಕ್ಟರನ ಮೇಲೆ ನಂಬಿಕೆಯಿಲ್ಲ, ಮೀಸೆ ಇನ್ನೂ ಮೂಡದವನು, ಅಜ್ಜಿ, ಅದು ಆರೋಗ್ಯದ ಕೆಂಪಲ್ಲ, ಇದ್ದಿಲು ಅನಿಲದ ಕೆಂಪು ಅನ್ನುತ್ತಾನೆ, ಯಾರಿಗೋ ಅಜ್ಜಿ, ವಾಸನೆಯಿಲ್ಲ, ಬಣ್ಣವಿಲ್ಲ, ಅದೆಂಥ ಹೊಗೆಯೋ, ಕಣ್ಣಿಗೆ ಕಾಣದ್ದನ್ನು ತೋರಿಸಿ ಹೆದರಿಸುವವರನ್ನು ಅವಳು ಬೇಕಾದಷ್ಟು ನೋಡಿದ್ದಾಳೆ. ಎದೆಯೊಳಗೆ ದ್ರಾಕ್ಷಿ ಗೊಂಚಲಿನಂಥ ಗಾಳಿಚೀಲ ಇರ್ತವೆ ಅಜ್ಜಿ, ಅವುಗಳ ಗೋಡೆ ನಿಮ್ಮನೆ ಕಿಟಕಿಗೆ ಅಂಟಿಸೋ ಕಾಗದಕ್ಕಿಂತ ತೆಳು, ರಕ್ತ ಆ ಗೋಡೆ ಪಕ್ಕ ಬಂದು ಕೆಟ್ಟ ಗಾಳಿ ಇಳಿಸಿ ಆಮ್ಲಜನಕ ಹತ್ತಿಸ್ಕೊಂಡು ಹೋಗ್ತದೆ, ಬಸ್ಸಿದ್ದ ಹಾಗೆ, ಈ ಅನಿಲ ಮುಂಚೇನೇ ಹತ್ತಿ ಸೀಟು ಹಿಡಿದ್ರೆ ಏಳೋದೇ ಇಲ್ಲ, ಆಮ್ಲಜನಕ ಬಾಗಿಲಲ್ಲೇ ನಿಂತಿರ್ತದೆ. ಕಾಗದ ಅಂದನಲ್ಲ, ಯಾಕೆ ಕಾಗದವನ್ನೇ ಅಂದ, ಇವನಿಗೆ ಯಾರಾದರೂ ಹೇಳಿದರೇ, ಪಕ್ಕದ ಮನೆಯ ಯೊಂಗ್‌ಪಾಲನ ಅವ್ವನೇ ಇರಬೇಕು, ಅವಳ ಬಾಯಿಗೆ ಬೀಗವಿಲ್ಲ.

ತಲೆನೋವು ಅತ್ತೆ, ಬೆಳಿಗ್ಗೆ ಎದ್ದರೆ ತಲೆ ಸಿಡಿಯುತ್ತೆ — ಈ ಚಳಿಗಾಲವಿಡೀ ಸೊಸೆಯದು ದಿನಾ ಇದೇ ರಾಗ, ಗಂಡ ಮರಳುನಾಡಿನಲ್ಲಿ ಬಿಸಿಲಿಗೆ ಸುಟ್ಟುಕೊಂಡು ರಸ್ತೆ ಹಾಕುತ್ತಿದ್ದಾನೆ, ಇವಳಿಗೆ ಕೆನ್ನೆ ಕೆಂಪೇರುತ್ತದೆ, ಯಾರಿಗಾಗಿ? ಒಂದು ಬೆಳಿಗ್ಗೆ ಮಾಲ್‌ಸುನ್ ಹೆಬ್ಬೆರಳಿಗೆ ಉಗುಳು ಹಚ್ಚಿ ಆ ಕೆನ್ನೆ ಗಸಗಸ ಉಜ್ಜಿದ್ದಳು, ಅಯ್ಯೋ ಅತ್ತೆ, ಏನು ಮಾಡ್ತಿದೀರಿ, ಸುಮ್ನಿರೇ, ಬಣ್ಣ ಬಳ್ಕೊಂಡಿದೀಯ, ಬೆರಳಿಗೆ ಏನೂ ಹತ್ತಲಿಲ್ಲ, ಹತ್ತದಿದ್ದರೆ ಒಳ್ಳೆಯ ಬಣ್ಣ, ದುಬಾರಿಯದು, ಕೊಟ್ಟವನು ಯಾರು, ಇದ್ದಿಲುಬಿಲ್ಲೆ ಹೊತ್ತು ತರುವ ಆ ಹಲ್ಲುಕಿಸಿಯುವವನೇ? ಕಿಟಕಿ ಬೇರೆ ತೆಗೆಯುತ್ತಾಳೆ, ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಕಿಟಕಿ ತೆಗೆದು ತಲೆ ಹೊರಗಿಡುತ್ತಾಳೆ, ಉಸಿರು ಕಟ್ಟುತ್ತೆ ಅತ್ತೆ, ಉಸಿರಂತೆ, ಇವಳ ಉಸಿರು ಬೀದಿಯಲ್ಲಿ ಸಿಗುತ್ತದೆ, ಅದಕ್ಕೇ ಮೊನ್ನೆ ಹಿಟ್ಟಿನ ಅಂಟು ಕಾಯಿಸಿ, ಅವಳ ಕೋಣೆಯ ಕಿಟಕಿಗೆ, ಸಂದು ಬಿಡದ ಹಾಗೆ, ಕಾಗದದ ಮೇಲೆ ಕಾಗದ ಅಂಟಿಸಿ, ಎಲ್ಲರೂ ಚಳಿಗೆ ಅಂಟಿಸುವುದಿಲ್ಲವೇ, ಊರಿಗೆ ಊರೇ ಅಂಟಿಸುತ್ತದೆ, ಊರು ಒಂದು ಪದರ, ಮಾಲ್‌ಸುನ್ ಮೂರು —

ಇವತ್ತು ಬೆಳಿಗ್ಗೆ ಎಷ್ಟು ಕರೆದರೂ ಏಳಲಿಲ್ಲ. ನಾಟಕ ಅಂದುಕೊಂಡಳು, ಒಲೆ ಹಚ್ಚುವುದು ತಪ್ಪಲಿ ಅಂತ, ಕಾಲಿನಿಂದ ತಿವಿದಳು, ಆಗ ಯೊಂಗ್‌ಪಾಲನ ಅವ್ವ ಬಂದು ಚೀರಿದ್ದು, ಲೇ ಮಾಲ್‌ಸುನ್, ಇದ್ದಿಲ ಗ್ಯಾಸ್ ಹೊಡೆದಿದೆ ಕಣೇ, ನೆಲ ಬೆಚ್ಚಗಿಡೋಕೆ ಒಲೆಯಿಂದ ಹೋಗೋ ನೆಲದಡಿಯ ಹೊಗೆದಾರಿ ಒಡೆದಿರಬೇಕು, ಮೂಲಂಗಿ ಉಪ್ಪಿನಕಾಯಿಯ ನೀರು ತಾರೇ, ಬೇಗ! ಜಾಡಿಯ ಮೇಲಿನ ಮಂಜುಗಡ್ಡೆ ಒಡೆದು ಹುಳಿನೀರು ಮೊಗೆದು ಬಾಯಿಗೆ ಹೊಯ್ದರು, ಗ್ಯಾಸಿಗೆ ಎಲ್ಲರೂ ಅದನ್ನೇ ಕುಡಿಸುವುದು, ಗುಟುಕು ಇಳಿಯಲಿಲ್ಲ, ತುಟಿಯ ಅಂಚಿನಿಂದ ಕೆನ್ನೆಯ ಮೇಲೆ ಹರಿಯಿತು, ಮತ್ತೆ ಹೊಯ್ದರು, ಮತ್ತೆ ಕಾದರು, ನೀರು ಹರಿದರೂ ಆ ಕೆಂಪು ಕದಡಲಿಲ್ಲ, ಆಗಲಾದರೂ ತಿಳಿಯಬಾರದಿತ್ತೇ, ಬಣ್ಣವಾಗಿದ್ದರೆ ಕರಗಬೇಕಿತ್ತು.

ಕಾಯ್ತಾ ಕೂತ್ರಾ, ಆಗಲೇ ಗಾಳಿಗೆ ಹಾಕಬಾರದಿತ್ತಾ, ಕಿಟಕಿ ಇರಲಿಲ್ವಾ ಅಜ್ಜಿ? ಯಾಕೆ ಈ ಡಾಕ್ಟರ ಇದನ್ನೇ ಕೇಳುತ್ತಾನೆ, ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಾನೆ, ಇತ್ತಪ್ಪ, ಈ ಚಳೀಲಿ ಯಾರು ತೆಗೀತಾರೆ ಅಂದಳು, ಬೆರಳ ಸಂದಿಯಲ್ಲಿ ಒಣಗಿದ ಅಂಟು, ಅಂಗಿಯ ಅಗಲ ತೋಳೊಳಗೆ ಕೈ ಮುಚ್ಚಿಕೊಂಡಳು. ಪೀಪಾಯಿಯೊಳಗೆ ಆಮ್ಲಜನಕ ಒತ್ತಿ ತುಂಬಿದೀವಿ, ಸೀಟು ಹಿಡಿದು ಕೂತ ಆ ಅನಿಲಾನ ಎಬ್ಬಿಸಬೇಕು, ಕೆಂಪು ಇಳಿದು ಮುಖ ಬಿಳಿಚಿಕೊಂಡ್ರೆ ಬದುಕ್ತಾಳೆ, ಇಳೀದೇ ಇದ್ರೆ — ಅಷ್ಟಕ್ಕೇ ನಿಲ್ಲಿಸಿ ಹೋದ.

ಬಿಳಿಚಿಕೋ ಮಗಳೇ, ದರಿದ್ರದವಳೇ, ಬಿಳಿಚಿಕೋ, ಈಗ ಕೊಂಚ ಇಳಿಯಿತೇ, ಇಲ್ಲ, ದೀಪದ ಬೆಳಕಿರಬೇಕು, ದೀಪವನ್ನೂ ನಂಬುವಂತಿಲ್ಲ, ಗಾಜಿಗೇ ಏನೋ ಮೆತ್ತಿದೆ, ಅವಳು ಹೆಬ್ಬೆರಳಿಗೆ ಉಗುಳು ಹಚ್ಚಿ ಗಾಜು ಉಜ್ಜುತ್ತಾಳೆ, ಅಲ್ಲೇ, ಕೆನ್ನೆಯ ಮೇಲೆ, ಬೆರಳು ನೋಡಿಕೊಳ್ಳುತ್ತಾಳೆ, ಏನೂ ಹತ್ತಿಲ್ಲ, ಮತ್ತೆ ಉಜ್ಜುತ್ತಾಳೆ, ಕೆಂಪು, ಉಜ್ಜುತ್ತಾಳೆ, ಕೆಂಪು