ಬಿಳಿಕಲ್ಲ ಗುಂಡಿಯ ನೀರು

ಧಾರವಾಡದಲ್ಲಿ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಸುಮೇಧಾ ಆರು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಊರೂರಿಂದ ಬಂದ ಬಾಟಲಿಗಳಿಗೆ ಚೀಟಿ ಅಂಟಿಸುವುದು, ಒಳಗೆ ಏನಿದೆ ಏನಿಲ್ಲ ಎಂದು ಬರೆಯುವುದು, ಅಷ್ಟೇ. ನೀರು ಹುಟ್ಟುವ ಜಾಗಕ್ಕೆ ಹೋಗುವ ಪ್ರಸಂಗ ಬರುತ್ತಿದ್ದುದು ಅಪರೂಪ. ಆದರೆ ಆ ನವೆಂಬರಿನಲ್ಲಿ ಪಶ್ಚಿಮದ ಗುಡ್ಡಗಾಡಿನಲ್ಲಿ ಎಮ್ಮೆ ಸಾಕುವ ಗೌಳಿಗರ ದಡ್ಡಿಯೊಂದರಿಂದ ಎರಡೇ ದಿನದಲ್ಲಿ ಒಂಬತ್ತು ಮಕ್ಕಳು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದವು. ನಲವತ್ತು ಮನೆಗಳ ಆ ದಡ್ಡಿಗೆ ನೀರು ಬರುವುದು ಕಾಡಿನೊಳಗೆ ಹಳ್ಳ ಹುಟ್ಟುವ ಬಿಳಿಕಲ್ಲ ಗುಂಡಿಯಿಂದ, ಒಂದು ಕರಿ ಪೈಪಿನಲ್ಲಿ. ಅಲ್ಲಿಂದಲೇ ನೀರು ತರಬೇಕೆಂದು ಪ್ರಯೋಗಾಲಯದ ಸಾಹೇಬರು ಅವಳನ್ನು ಕಳಿಸಿದರು.

ಜೀಪು ದಡ್ಡಿಯಲ್ಲೇ ನಿಂತಿತು. ಮುಂದೆ ಒಂದು ತಾಸಿನ ಕಾಲುದಾರಿ. ದಾರಿ ತೋರಿಸಲು ಬಂದವನು ಊರಿಗೆ ನೀರು ಬಿಡುವ ನೀರಗಂಟಿ ಹನುಮಪ್ಪ, ಐವತ್ತು ದಾಟಿದ ಸಣಕಲು ಮನುಷ್ಯ. ಹಳ್ಳದ ಗುಂಟ ಏರುವಾಗ ಅವನು ಮಾತೇ ಆಡಲಿಲ್ಲ. ಹತ್ತು ಹೆಜ್ಜೆ ನಡೆಯುವುದು, ನಿಲ್ಲುವುದು, ಕಿವಿಗೊಡುವುದು. ಬಿಸಿಲು ಚೆನ್ನಾಗಿಯೇ ಇತ್ತು. ಮತ್ತಿ ಮರಗಳ ನಡುವೆ ನೀರು ಸಣ್ಣಗೆ ಸದ್ದು ಮಾಡುತ್ತ ಇಳಿಯುತ್ತಿತ್ತು.

"ಕಾಕಾ, ನೀವು ಕಡೀಕ ಮ್ಯಾಲ ಬಂದದ್ದು ಯಾವಾಗ್ರಿ?" ಎಂದು ಸುಮೇಧಾ ಕೇಳಿದಳು.

"ಬಂದಿದ್ನಿರಿ... ಮೊನ್ನೆ ಮೊನ್ನೆ," ಎಂದ ಅವನು, ಅವಳ ಮುಖ ನೋಡದೆ.

ಇನ್ನೊಂದು ತಿರುವು ಉಳಿದಿರುವಾಗ ಮೂಗಿಗೆ ವಾಸನೆ ಬಡಿಯಿತು. ಸುಮೇಧಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂಡೆ ಹತ್ತಿದಳು. ಕೆಳಗೆ ಗುಂಡಿ. ಅದರ ಆಚೆ ದಡದಲ್ಲಿ, ಅರ್ಧ ನೀರಿನಲ್ಲಿ ಅರ್ಧ ಕೆಸರಿನಲ್ಲಿ, ಕಾಡುಕೋಣದ ಒಂದು ಕರು ಬಿದ್ದಿತ್ತು. ಹಿಂದಿನ ತೊಡೆ ಇರಲಿಲ್ಲ. ನೊಣಗಳು ಕಪ್ಪಗೆ ಮುತ್ತಿದ್ದವು. ಪೈಪಿನ ಬಾಯಿ ಇದ್ದದ್ದು ಆ ಕರುವಿನಿಂದ ನಾಲ್ಕು ಮಾರು ಈಚೆಗೆ, ಕಲ್ಲುಗಳ ಅಡಿಯಲ್ಲಿ.

ಬಂಡೆ ಇಳಿದಲ್ಲಿ, ಈಚೆ ದಡದ ಕೆಸರಿನಲ್ಲಿ, ಅಂಗೈಗಿಂತ ದೊಡ್ಡ ಹೆಜ್ಜೆಯೊಂದು ಮೂಡಿತ್ತು. ಅದರಲ್ಲಿ ನೀರು ತುಂಬಿತ್ತು. ಸುಮೇಧಾ ಬಗ್ಗಿ ನೋಡಿದಳು. ನೀರಿನ್ನೂ ಕದಡಿಕೊಂಡೇ ಇತ್ತು, ಮಣ್ಣು ತಳಕ್ಕೆ ಕೂತಿರಲಿಲ್ಲ. ಕದಡಿದ ನೀರು ತಿಳಿಯಾಗಲು ಎಷ್ಟು ಹೊತ್ತು ಬೇಕು ಎಂಬುದು ಅವಳಿಗೆ ಗೊತ್ತಿತ್ತು. ಕರುವನ್ನು ತಿನ್ನುತ್ತಿದ್ದುದು ಈಗಷ್ಟೇ ಎದ್ದು ಹೋಗಿತ್ತು.

ಅದೇ ಹೊತ್ತಿಗೆ ಮೇಲೆ ಮರದಲ್ಲಿ ಒಂದು ಮುಸ್ಯಾ ಕೋತಿ ಕರ್ಕಶವಾಗಿ ಕೂಗಿತು. ಆಚೆಯ ಬಿದಿರುಮೆಳೆಯಿಂದ ಗುರುಗುಟ್ಟುವ ದನಿ ಬಂತು. ಗಟ್ಟಿಯಾಗೇನೂ ಇರಲಿಲ್ಲ. ಆದರೆ ಅದು ಕಿವಿಗಿಂತ ಮೊದಲು ಎದೆಗೂಡಿಗೆ ತಾಗಿತು.

ಹನುಮಪ್ಪ ನಿಂತಲ್ಲೇ ಕುಸಿದು ಕೂತ. "ನನಗ ಗೊತ್ತಿತ್ರಿ ಅಕ್ಕಾರ," ಎಂದು ಪಿಸುಗುಟ್ಟಿದ. "ಮೂರು ದಿನದ ಹಿಂದ ಇದರ ದನಿ ಕೇಳಿ ಅರ್ಧ ದಾರಿಯಿಂದ ಓಡಿ ಹೋಗೇನಿ. ಮಂದಿಗೆ ಹೇಳಿದ್ರ 'ನೀರಗಂಟಿ ಅಂಜುಬುರುಕ' ಅಂತಾರ ಅಂತ ಸುಮ್ಮನಿದ್ನಿ. ಅದರಾಗ ಹುಡುಗ್ರು ನೀರು ಕುಡದುಬಿಟ್ಟುವು."

ಅವನ ಮೇಲೆ ಸಿಟ್ಟು ಮಾಡುವಷ್ಟು ಉಸಿರು ಸುಮೇಧಾಳಲ್ಲಿ ಉಳಿದಿರಲಿಲ್ಲ. ಓಡಬೇಕು ಎಂದು ಕಾಲುಗಳು ಹೇಳುತ್ತಿದ್ದವು. ಬೆಳಿಗ್ಗೆ ದಡ್ಡಿಯಲ್ಲಿ ಕುದಿಸದೆ ಕುಡಿಯಬೇಡಿ ಎಂದು ಅವಳು ಹೇಳುತ್ತಿರುವಾಗಲೇ ಹೆಂಗಸೊಬ್ಬಳು ನಳಕ್ಕೆ ಕೊಡ ಹಿಡಿದಿದ್ದಳು. ಪೈಪು ನೀರಿನಲ್ಲಿರುವವರೆಗೂ ಆ ನಳ ನಿಲ್ಲುವುದಿಲ್ಲ.

"ಕಾಕಾ, ಕೆಳಗ ವಾಲ್ವ್ ಬಂದ್ ಮಾಡಿದ್ರ ನಡೀತೈತೇನ್ರಿ?"

"ಅದು ಕೆಟ್ಟು ವರ್ಸಾತ್ರಿ. ಪೈಪಿನ ಬಾಯಿನ ಎತ್ತಬೇಕು. ಬ್ಯಾಡ್ರಿ, ನಡೀರಿ ಹೋಗೂಣು."

ಅವಳು ಚಪ್ಪಲಿ ಬಿಟ್ಟು ನೀರಿಗಿಳಿದಳು. ಯಾಕೆ ಇಳಿದೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ಧೈರ್ಯವಂತೂ ಇರಲಿಲ್ಲ. ಮೊಣಕಾಲಿನವರೆಗಿನ ನೀರಿನಲ್ಲಿ ಬಗ್ಗಿ ಒಂದು ಕಲ್ಲು ಎತ್ತಿದಳು, ಎರಡನೆಯದು ಜಾರಿ ಬೆರಳ ಮೇಲೆ ಬಿತ್ತು. ಗುರುಗುಟ್ಟುವಿಕೆ ನಿಂತಿತು. ಈಗ ಏನೂ ಕೇಳುತ್ತಿರಲಿಲ್ಲ, ಅದೇ ಹೆಚ್ಚು ಭಯಂಕರವಾಗಿತ್ತು.

ಹಿಂದೆ ನೀರಿನ ಸದ್ದಾಯಿತು. ಅವಳ ಜೀವ ಹೋದಂತಾಯಿತು. ಬಂದವನು ಹನುಮಪ್ಪ. ಅವಳ ಪಕ್ಕ ಬಿದಿರಿನ ಕಡೆ ಮುಖ ಮಾಡಿ ನಿಂತ. ಕೈ ಮುಗಿದು ಜೋರಾಗಿ ಮಾತಾಡತೊಡಗಿದ: "ನಿಂದು ಏನೂ ಮುಟ್ಟಂಗಿಲ್ಲಪ್ಪಾ. ನಿನ್ನ ಊಟ ನಿನಗ. ನಮ್ಮ ಪೈಪಷ್ಟು ತಗೊಂಡು ಹೊಕ್ಕೇವಿ. ಸಣ್ಣ ಹುಡುಗ್ರದಾವು ನಮ್ಮನ್ಯಾಗ..."

ಕೊನೆಯ ಕಲ್ಲು ಸರಿಯಿತು. ಸುಮೇಧಾ ಪೈಪನ್ನು ಎರಡೂ ಕೈಯಿಂದ ಎಳೆದು ಮೇಲೆತ್ತಿದಳು. ಪೈಪು ಗಾಳಿ ಎಳೆದುಕೊಂಡು ಗೊಳಗೊಳ ಎಂದು ದೊಡ್ಡದಾಗಿ ಸದ್ದು ಮಾಡಿತು.

ಬಿದಿರು ಸೀಳಿಕೊಂಡು ಹುಲಿ ಹೊರಬಂತು. ಎರಡೇ ನೆಗೆತ. ಕರುವಿನ ಹತ್ತಿರ ಬಂದು ನಿಂತು, ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಅಂಟಿಸಿ ಗರ್ಜಿಸಿತು. ಸುಮೇಧಾಳಿಗೆ ಕಂಡದ್ದು ಅದರ ಹಳದಿ ಹಲ್ಲು, ಮೂತಿಗೆ ಮೆತ್ತಿದ್ದ ರಕ್ತ, ಅಷ್ಟೇ.

"ಓಡಬ್ಯಾಡ್ರಿ," ಎಂದು ಹನುಮಪ್ಪ ಅವಳ ರಟ್ಟೆ ಹಿಡಿದ. "ಬೆನ್ನು ತಿರುಗಿಸಬ್ಯಾಡ್ರಿ. ಹಿಂದಿಂದಕ ಹೆಜ್ಜಿ ಇಡ್ರಿ. ಹೂಂ. ಇನ್ನೊಂದು."

ಹಾಗೆ ಹಿಂದಕ್ಕೆ ಹಿಂದಕ್ಕೆ ಸರಿದು ಬಂಡೆ ದಾಟಿದರು. ಚಪ್ಪಲಿ, ಬಾಟಲಿಯ ಚೀಲ ಎಲ್ಲ ಅಲ್ಲೇ ಉಳಿದವು. ಇಳಿಯುವಾಗ ಬಲಗಡೆಯ ಪೊದೆಯಲ್ಲಿ ಸ್ವಲ್ಪ ದೂರ ಒಣಎಲೆ ಸದ್ದಾಗುತ್ತಿತ್ತು. ಅವರು ನಿಂತರೆ ಅದೂ ನಿಲ್ಲುತ್ತಿತ್ತು. ಮನುಷ್ಯರ ದನಿ ಕೇಳುತ್ತಿದ್ದರೆ ಅದು ಹತ್ತಿರ ಬರದೆಂದು ಹನುಮಪ್ಪ ಮಾತು ನಿಲ್ಲಿಸಲಿಲ್ಲ. ತನ್ನ ಎಮ್ಮೆಗಳ ಹೆಸರು, ಸೊಸೆಯ ತವರೂರು, ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತ ಅವಳನ್ನು ನಡೆಸಿದ. ಎಮ್ಮೆಗಳು ಮೇಯುವ ಬಯಲು ಕಂಡಾಗ ಸುಮೇಧಾ ಕೂತು ವಾಂತಿ ಮಾಡಿಕೊಂಡಳು.

ದಡ್ಡಿಯಲ್ಲಿ ಹನುಮಪ್ಪ ಎಲ್ಲರೆದುರು ತಾನು ಮುಚ್ಚಿಟ್ಟ ಮಾತು ಹೇಳಿದ. ಆಸ್ಪತ್ರೆಯಲ್ಲಿದ್ದ ಮಗುವೊಂದರ ಅಜ್ಜ ಅವನನ್ನು ಹೊಡೆಯಲು ಕೈ ಎತ್ತಿದ. ಸುಮೇಧಾ ನಡುವೆ ನಿಂತು, "ಈಗ ಪೈಪು ಎತ್ತಾಕ ನನ್ನ ಜೋಡಿ ನಿಂತವ್ರು ಈ ಕಾಕಾನರಿ," ಎಂದಳು. ಆ ಮುದುಕ ಕೈ ಇಳಿಸಿ ಹಿಂದಕ್ಕೆ ಸರಿದ.

ಹುಲಿ ಉಂಡು ಹೋಗುವವರೆಗೂ ಆ ಕಡೆ ಯಾರೂ ಹೋಗಬಾರದೆಂದು ಅರಣ್ಯದವರು ಹೇಳಿದರು. ಗುಂಡಿ ತೊಳೆದು ಪೈಪು ಮತ್ತೆ ಇಡುವವರೆಗೆ ಹದಿನೈದು ದಿನ ಟ್ಯಾಂಕರ್ ನೀರು ಬಂತು. ಒಂಬತ್ತೂ ಮಕ್ಕಳು ಗುಣವಾಗಿ ಮನೆಗೆ ಬಂದವು. ಸುಮೇಧಾ ಮಾತ್ರ ಬಹಳ ದಿನ, ನಳದಲ್ಲಿ ಗಾಳಿ ಬಂದು ಗೊಳಗೊಳ ಅಂದರೆ ಸಾಕು, ಗೋಡೆಗೆ ಬೆನ್ನು ಒತ್ತಿಕೊಂಡು ನಿಲ್ಲುತ್ತಿದ್ದಳು.

ಜನವರಿಯಲ್ಲಿ ಗುಂಡಿಯಿಂದ ಮತ್ತೆ ನೀರಿನ ಮಾದರಿ ತರಬೇಕಾಯಿತು. ಬೇರೆಯವರನ್ನು ಕಳಿಸುತ್ತೇನೆ ಎಂದರು ಸಾಹೇಬರು. ಒಂದು ರಾತ್ರಿ ಯೋಚಿಸಿ ಅವಳೇ ಹೊರಟಳು. ಈ ಸಲ ಅರಣ್ಯದ ಇಬ್ಬರು ಕಾವಲುಗಾರರು ಜೊತೆಗಿದ್ದರು, ಮುಂದೆ ಹನುಮಪ್ಪ.

"ಅಂಜಿಕಿ ಆಕ್ಕತೇನ್ರಿ ಅಕ್ಕಾರ?" ಎಂದ ಅವನು, ಹಳ್ಳದ ತಿರುವಿನಲ್ಲಿ.

"ಭಾಳ ಆಗಾಕತ್ತೈತ್ರಿ ಕಾಕಾ."

"ನನಗೂ ರಿ," ಎಂದು ಅವನು ಗಂಟಲು ಸರಿಮಾಡಿಕೊಂಡು, ಕಾಡಿಗೆಲ್ಲ ಕೇಳುವಂತೆ, ಹೊಸದಾಗಿ ಈದ ಎಮ್ಮೆಯ ಸುದ್ದಿ ಶುರುಮಾಡಿದ.