ನಾಲ್ಕಡಿಯ ಕಾಡು

ಸ್ವಂತ ಕಸುಬಿನ ಕಲಾವಿದರಿಗೆ ನಾಲ್ಕು ದಿನದ ವ್ಯವಹಾರ ತರಬೇತಿ ಇದೆ ಎಂದು ಚೀಟಿ ಹಿಡಿದುಕೊಂಡು ಬಂದವಳು ಅಕ್ಕ. ತಂಗಿಯನ್ನು ಒಂದು ಮಾತೂ ಕೇಳದೆ ಹೆಸರು ಬರೆಸಿಬಿಟ್ಟಿದ್ದಳು.

"ನಾನೇನು ಅಂಗಡಿ ಇಟ್ಕೊಂಡಿದ್ದೀನಾ?" ತಂಗಿ ರೇಗಿದಳು.

"ಇಟ್ಕೊಂಡಿದ್ರೆ ಚೆನ್ನಾಗಿತ್ತು ಕಣೇ. ಬಾಗಿಲು ಹಾಕೋಕೆ ಒಂದು ಹೊತ್ತಾದ್ರೂ ಇರ್ತಿತ್ತು."

ತಂಗಿಯನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಆಳು ಸಣ್ಣ, ಮಾತು ಮಾತ್ರ ಬಾಯಿ ಮುಚ್ಚದಷ್ಟು. ನಲವತ್ತು ದಾಟಿದ ಮೇಲೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಗೋಡೆಗಳ ಮೇಲೆ ಚಿತ್ರ ಬರೆಯುವುದು ಅವಳ ಕಸುಬು. ಊರಿನ ಮೂರು ಶಾಲೆಗಳಲ್ಲಿ, ಒಂದು ಕಣ್ಣಾಸ್ಪತ್ರೆಯಲ್ಲಿ, ಈಜುಕೊಳದ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಅವಳ ಮೀನುಗಳೂ ಮೋಡಗಳೂ ಇದ್ದವು.

ಆದರೆ ಮೂರು ವಾರಗಳಿಂದ ಗುಬ್ಬಿಯ ಬಾಯಿ ಕಟ್ಟಿತ್ತು. ಮಕ್ಕಳ ಗ್ರಂಥಾಲಯದ ಹೊಸ ಕಟ್ಟಡದಲ್ಲಿ ನೆಲದಿಂದ ಚಾವಣಿಯವರೆಗಿನ ಒಂದು ಗೋಡೆಗೆ ಕಾಡು ಬರೆದುಕೊಡುತ್ತೇನೆಂದು ಒಪ್ಪಿಕೊಂಡಿದ್ದಳು. ಒಪ್ಪಿಕೊಂಡ ವಾರದಲ್ಲೇ ಬಲ ಭುಜ ಹಿಡಿದುಕೊಂಡಿತು. ಕೈ ಎದೆಮಟ್ಟ ದಾಟಿದರೆ ಪ್ರಾಣವೇ ಹೋದಂತಾಗುತ್ತಿತ್ತು. ಆರು ತಿಂಗಳು ಕೈ ಎತ್ತುವ ಕೆಲಸ ಕೂಡದು ಎಂದರು ವೈದ್ಯರು. ಎಡಗೈಯಲ್ಲಿ ಒಂದು ಎಲೆ ಬರೆದು ನೋಡಿದಳು. ಅದು ಹರಿದ ಕಾಲುಚೀಲದ ಹಾಗೆ ಬಂತು.

ಈ ವಿಷಯವನ್ನು ಗ್ರಂಥಪಾಲಕಿಗೆ ಅಂದೇ ಹೇಳಬೇಕಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ನಾಳಿದ್ದಾಯಿತು. ಹೇಳಿದರೆ ಕೆಲಸ ಕೈಬಿಡುತ್ತದೆ, ಗುಬ್ಬಿಗೆ ಕೈಲಾಗುವುದಿಲ್ಲವಂತೆ ಎಂದು ಊರೆಲ್ಲ ಸುದ್ದಿಯಾಗುತ್ತದೆ ಎಂಬ ಭಯ. ಗ್ರಂಥಪಾಲಕಿಯ ಫೋನು ಬಂದರೆ ಅದು ತಾನಾಗಿ ನಿಲ್ಲುವವರೆಗೂ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಭುಜದ ನೋವು ಅಕ್ಕನಿಗೆ ಗೊತ್ತಿತ್ತು. ಈ ಕಣ್ಣಾಮುಚ್ಚಾಲೆ ಗೊತ್ತಿರಲಿಲ್ಲ.

ತರಬೇತಿ ನಡೆಯುತ್ತಿದ್ದದ್ದು ಒಂದು ಹಳೆಯ ಮುದ್ರಣಾಲಯದ ಮಹಡಿಯ ಮೇಲೆ. ಯಂತ್ರಗಳು ಹೋಗಿ ಎಷ್ಟೋ ವರ್ಷವಾಗಿದ್ದರೂ ಶಾಯಿಯ ವಾಸನೆ ಹೋಗಿರಲಿಲ್ಲ. ಹತ್ತು ಜನ ಮಡಚುವ ಕುರ್ಚಿಗಳಲ್ಲಿ ಕೂತಿದ್ದರು. ಹೇಳಿಕೊಡಲು ಬಂದವರು ಮೂವತ್ತು ವರ್ಷ ತಂತಿವಾದ್ಯ ತಯಾರಿಸಿದ ಒಬ್ಬ ದಪ್ಪ ಮನುಷ್ಯ. ಬೆರಳುಗಳ ತುದಿಯಲ್ಲಿ ಅಂಟಿನ ಕಲೆ ಇನ್ನೂ ಇತ್ತು.

"ಲಾಭ ನಷ್ಟ ಎಲ್ಲ ಆಮೇಲೆ," ಎಂದರು ಅವರು. "ಗಿರಾಕಿಗೆ ಹೇಳೋಕೆ ಹೆದರಿ ನುಂಗ್ಕೊಂಡಿರೋ ಮಾತು ಯಾವ್ದು? ಅದನ್ನ ಮೊದ್ಲು ಹೇಳಿ."

ಮೊದಲು ಜಾಹೀರಾತುಗಳಿಗೆ ದನಿ ಕೊಡುವ ಒಬ್ಬ ಎದ್ದು ನಿಂತ. ಕೇಳಿದವರು ತಿರುಗಿ ನೋಡಬೇಕು, ಅಂಥ ಕಂಠ. "ಮತ್ತೆ ಮತ್ತೆ ಓದಿಸ್ತಾರೆ ಸರ್. ಸಾಕು ಅನ್ನೋಕೆ ನನಗೆ ಬಾಯೇ ಬರಲ್ಲ."

"ನಿಮಗೇ ಬಾಯಿ ಬರಲ್ಲ ಅಂದ್ರೆ ನಮ್ಮ ಗತಿ ಏನ್ರೀ?" ಎಂದಳು ನಾಟಕಗಳಿಗೆ ಉಡುಪು ಹೊಲಿಯುವ ದರ್ಜಿ. ಕೋಣೆಯೆಲ್ಲ ನಕ್ಕಿತು. ಗುಬ್ಬಿಯ ಸರದಿ ಬಂದಾಗ ಅವಳು, "ನಂಗೆ ಅಂಥದ್ದೇನಿಲ್ಲ ಸರ್" ಎಂದು ಹಸಿ ಸುಳ್ಳು ಹೇಳಿ ಕೂತಳು.

ಎರಡನೆಯ ದಿನ ಜೋಡಿ ಜೋಡಿಯಾಗಿ ಕೂರಿಸಿದರು. ಒಬ್ಬರು ಗಿರಾಕಿ, ಒಬ್ಬರು ಕಸುಬಿನವರು. ಗುಬ್ಬಿಗೆ ಸಿಕ್ಕಿದ ಗಿರಾಕಿ ದರ್ಜಿ. ಅವಳು ಕಾಲ ಮೇಲೆ ಕಾಲು ಹಾಕಿ, ದೊಡ್ಡ ಸಾಹುಕಾರ್ತಿಯ ಗತ್ತಿನಲ್ಲಿ, "ಏನಮ್ಮಾ, ನನ್ನ ಗೋಡೆ ಎಲ್ಲಿಗೆ ಬಂತು?" ಎಂದಳು.

ಅವಳೇನೋ ಆಟಕ್ಕೆ ಕೇಳಿದ್ದು. ಗುಬ್ಬಿ ಬಾಯಿ ತೆರೆದಳು, ಮಾತಿನ ಬದಲು ಅಳು ಬಂತು. ತಡೆದಷ್ಟೂ ಉಕ್ಕಿತು. ದರ್ಜಿ ಗತ್ತನ್ನು ಅಲ್ಲೇ ಬಿಟ್ಟು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದಳು. ಭುಜ, ಗೋಡೆ, ಎತ್ತದ ಫೋನು, ಉದ್ಘಾಟನೆಗೆ ಐದೇ ವಾರ ಉಳಿದಿರುವುದು, ಎಲ್ಲವೂ ಹೊರಗೆ ಬಂತು.

ವಾದ್ಯದವರು ಬಂದು ಎದುರಿಗೆ ಕೂತರು. "ನಾನೂ ಹೀಗೆ ಮಾಡಿದ್ದೆ," ಎಂದರು. "ಒಬ್ಬ ದೊಡ್ಡ ವಿದ್ವಾಂಸರ ವಾದ್ಯ ರಿಪೇರಿಗೆ ಬಂದಿತ್ತು. ನನ್ನ ಕೈಯಲ್ಲಿ ಬಿರುಕು ಬಿಡ್ತು. ಹನ್ನೊಂದು ದಿನ ಅಂಗಡಿ ಬಾಗಿಲು ಹಾಕಿ ಮನೇಲಿ ಬಚ್ಚಿಟ್ಕೊಂಡೆ. ಬಿರುಕು ಬಿಟ್ಟಿದ್ದಕ್ಕೆ ಅವರು ಬೈಲಿಲ್ಲಮ್ಮ. ಬಾಗಿಲು ಹಾಕಿದ್ದಕ್ಕೆ ಇವತ್ತಿಗೂ ನನ್ನ ಜೊತೆ ಮಾತಾಡಲ್ಲ."

"ಈಗ ನಾನೇನ್ ಮಾಡ್ಲಿ ಸರ್?"

"ಹೋಗಿ ಹೇಳಿ. ಆದ್ರೆ ಬರಿಗೈಯಲ್ಲಿ ಹೋಗ್ಬೇಡಿ. ಏನು ಆಗಲ್ಲ ಅಂತ ಗೊತ್ತಾಯ್ತು. ಏನು ಆಗುತ್ತೆ?"

ಅದನ್ನು ಗುಬ್ಬಿ ಯೋಚಿಸಿಯೇ ಇರಲಿಲ್ಲ. ದರ್ಜಿ ಚೀಲದಿಂದ ಅಳತೆ ಟೇಪು ತೆಗೆದಳು. ಗುಬ್ಬಿಯನ್ನು ಗೋಡೆಗೆ ನಿಲ್ಲಿಸಿ, "ಎತ್ತು, ನಿಧಾನ, ನೋವಾದ್ರೆ ಹೇಳು" ಎಂದು ಕೈಯನ್ನು ಮೇಲೇರಿಸಿದಳು. ಗುಬ್ಬಿ ಹಾ ಎಂದ ಕಡೆ ಸೀಮೆಸುಣ್ಣದ ಗೆರೆ ಎಳೆದು ಟೇಪು ಹಿಡಿದಳು. ನೆಲದಿಂದ ಸರಿಯಾಗಿ ನಾಲ್ಕಡಿ.

ಗುಬ್ಬಿ ಆ ಗೆರೆಯನ್ನೇ ನೋಡುತ್ತ ನಿಂತಳು. ನಾಲ್ಕಡಿಯಲ್ಲಿ ಕಾಡಿನ ತಲೆ ಬರುವುದಿಲ್ಲ. ಬುಡ ಬರುತ್ತದೆ. ಬೇರು, ಬಿಲ, ಅಣಬೆ, ಇರುವೆ ಸಾಲು, ಮುಳ್ಳುಹಂದಿ. ಕಣ್ಣೊರೆಸಿಕೊಂಡು ಪೆನ್ಸಿಲ್ ಕೇಳಿದಳು.

ಮೂರನೆಯ ದಿನ ಮಧ್ಯಾಹ್ನದ ಬಿಡುವಿನಲ್ಲಿ, ಕರಡು ಚಿತ್ರದ ಕಾಗದ ಹಿಡಿದು ಗ್ರಂಥಾಲಯಕ್ಕೆ ನಡೆದೇ ಹೋದಳು. ಮೆಟ್ಟಿಲ ಮೇಲಿಂದ ಎರಡು ಸಲ ಹಿಂದಿರುಗಿದಳು. ಗ್ರಂಥಪಾಲಕಿ ಪುಸ್ತಕದ ಪೆಟ್ಟಿಗೆಗಳ ನಡುವೆ, ಕನ್ನಡಕವನ್ನು ತಲೆಗೇರಿಸಿಕೊಂಡು ನಿಂತಿದ್ದರು.

"ಓ, ಇದ್ದೀರಾ!" ಎಂದರು. ದನಿಯಲ್ಲಿ ನಗುವಿರಲಿಲ್ಲ. "ಎಷ್ಟು ಸಲ ಫೋನ್ ಮಾಡಿದ್ದೀನಿ ಗೊತ್ತಾ? ನಾಳೆ ಬೇರೆಯವರನ್ನ ಕರೆಸೋಳಿದ್ದೆ."

"ತಪ್ಪಾಯ್ತು ಮೇಡಂ. ಭುಜ ಹಿಡ್ಕೊಂಡಿದೆ, ಕೈ ಮೇಲೆತ್ತೋಕೆ ಆಗ್ತಿಲ್ಲ. ಅವತ್ತೇ ಹೇಳ್ಬೇಕಿತ್ತು. ಹೆದರ್ಕೊಂಡೆ." ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. "ನಾಲ್ಕಡಿವರೆಗೆ ಬರೀಬಲ್ಲೆ. ಮೇಲೆ ನಿಮ್ಮ ಬಣ್ಣದವರು ತಿಳಿಹಸಿರು ಹೊಡೆದ್ರೆ ಸಾಕು. ಬೇಡ ಅಂದ್ರೆ ಒಳ್ಳೆ ಚಿತ್ರಗಾರರೊಬ್ಬರ ನಂಬರ್ ಕೊಡ್ತೀನಿ."

ಗ್ರಂಥಪಾಲಕಿ ಕಾಗದ ಇಸಿದುಕೊಂಡು ಬಹಳ ಹೊತ್ತು ನೋಡಿದರು. "ಆನೆ ಬೇಕು ಅಂದಿದ್ದೆನಲ್ಲ?"

"ನಾಲ್ಕಡಿಗೆ ಆನೆ ಕಾಲಷ್ಟೇ ಬರೋದು ಮೇಡಂ."

ಗ್ರಂಥಪಾಲಕಿಯ ಬಿಗಿದ ತುಟಿ ಅಲುಗಿತು. ತಡೆಯಲು ನೋಡಿದರು, ಆಗಲಿಲ್ಲ. ಕಿಸಕ್ಕನೆ ನಕ್ಕುಬಿಟ್ಟರು. "ಹಾಗಾದ್ರೆ ಕಾಲೇ ಬರೀರಿ. ನಾಲ್ಕು ದಪ್ಪ ಕಾಲು. ಉಳಿದದ್ದನ್ನ ಮಕ್ಕಳು ನೋಡ್ಕೊಳ್ತಾರೆ."

ಅಷ್ಟಕ್ಕೇ ಬಿಡಲಿಲ್ಲ. ಕೆಲಸ ಕಮ್ಮಿಯಾದ ಮೇಲೆ ಹಣವೂ ಕಮ್ಮಿ ಎಂದರು. ದಿನಾಂಕ ಮಾತ್ರ ಅಲುಗಕೂಡದು, ಪ್ರತಿ ಸೋಮವಾರ ಎಲ್ಲಿಯವರೆಗೆ ಬಂತೆಂದು ಹೇಳಬೇಕು ಎಂದರು. ಗುಬ್ಬಿ ಎಲ್ಲಕ್ಕೂ ತಲೆಯಾಡಿಸಿದಳು. ಆಮೇಲೆ ತರಬೇತಿ ನೆನಪಾಗಿ, "ಬರೆದು ಇಬ್ರೂ ಸಹಿ ಹಾಕೋಣ ಮೇಡಂ" ಎಂದಳು. ಪೆಟ್ಟಿಗೆಯ ಮೇಲೇ ಕಾಗದವಿಟ್ಟು ಇಬ್ಬರೂ ಸಹಿ ಹಾಕಿದರು.

ಹೊರಗೆ ಬಂದು ರಸ್ತೆಬದಿಯ ಬೆಂಚಿನ ಮೇಲೆ ಕೂತಳು. ಮೂರು ವಾರದಿಂದ ಕಾಣದ ಹಸಿವು ಒಮ್ಮೆಗೇ ಕಾಣಿಸಿಕೊಂಡಿತು. ಪಕ್ಕದ ಬೇಕರಿಯಲ್ಲಿ ಎರಡು ಬನ್ನು ತಿಂದಳು, ಮತ್ತೊಂದನ್ನು ಕಟ್ಟಿಸಿಕೊಂಡಳು.

ಸಂಜೆ ಅಕ್ಕನಿಗೆ ಎಲ್ಲ ಹೇಳಿದಳು. ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಬೈತಿದ್ದೆ."

"ಈಗ್ಲೂ ಬೈತೀನಿ, ಕೂತ್ಕೋ." ಕಾಲು ಗಂಟೆ ಬೈದಳು. ಗುಬ್ಬಿ ಕಟ್ಟಿಸಿಕೊಂಡು ಬಂದ ಬನ್ನು ತಿನ್ನುತ್ತ ಕೇಳಿದಳು. ಇಷ್ಟು ಹಿತವಾದ ಬೈಗುಳ ಅವಳು ಕೇಳಿರಲೇ ಇಲ್ಲ.

ಗೋಡೆಯ ಕೆಲಸ ಉದ್ಘಾಟನೆಗೆ ಎರಡು ದಿನ ಮೊದಲೇ ಮುಗಿಯಿತು. ನೆಲದ ಮೇಲೆ ದಿಂಬು ಹಾಕಿಕೊಂಡು ಕೂತು ಬರೆದಳು, ನೋವಾದ ದಿನ ನಿಲ್ಲಿಸಿದಳು, ನಿಲ್ಲಿಸಿದೆ ಎಂದು ಗ್ರಂಥಪಾಲಕಿಗೆ ಹೇಳಿದಳು.

ಅದೇ ವಾರ ಬಟ್ಟೆ ಅಂಗಡಿಯವರೊಬ್ಬರು ಫೋನು ಮಾಡಿದರು. ಅಂಗಡಿಯ ಚಾವಣಿಗೆ ಆಕಾಶ ಬರೆಯಬೇಕಂತೆ.

"ಚಾವಣಿ ಆಗಲ್ಲ ಸರ್," ಎಂದಳು ಗುಬ್ಬಿ, ಮೊದಲ ಮಾತಿಗೇ. "ಕೈ ಸರಿಯಿಲ್ಲ. ಕೆಳಗಿನ ಗೋಡೆ ಇದ್ರೆ ಹೇಳಿ, ಚೆನ್ನಾಗಿ ಮಾಡ್ಕೊಡ್ತೀನಿ."

ನೋಡೋಣ ಎಂದು ಅವರು ಫೋನು ಇಟ್ಟುಬಿಟ್ಟರು. ಮತ್ತೆ ಮಾಡಲಿಲ್ಲ. ಗುಬ್ಬಿ ಅಂದು ಊಟ ಮಾಡಿ, ಹಗಲಲ್ಲೇ ಒಂದು ಒಳ್ಳೆಯ ನಿದ್ದೆ ತೆಗೆದಳು.