ಬೆನ್ನ ಹಿಂದಿನ ಟಿವಿ

ಕಂಡಕ್ಟರನ ಮೀಸೆ ಅರ್ಧ ಹೋದ ಸಂಜೆಯೇ ನಮ್ಮಕ್ಕ ಸಲೂನಿನ ಟಿವಿ ತೆಗೆಸುವ ತೀರ್ಮಾನಕ್ಕೆ ಬಂದಳು.

ಸಲೂನು ನಮ್ಮ ಭಾವನದು. ಪಕ್ಕದ ಮಳಿಗೆಯಲ್ಲಿ ನನ್ನ ಹೊಲಿಗೆ ಯಂತ್ರ. ನಡುವೆ ಇರುವುದು ಬರೀ ಹಲಗೆಯ ಗೋಡೆ. ಅಲ್ಲಿ ಕತ್ತರಿ ಆಡುತ್ತಿದೆಯೋ ನಿಂತಿದೆಯೋ ನನಗೆ ಇಲ್ಲಿ ಕೂತೇ ತಿಳಿಯುತ್ತದೆ. ಸಂಜೆ ರಸಪ್ರಶ್ನೆ ಕಾರ್ಯಕ್ರಮ ಶುರುವಾಯಿತೆಂದರೆ ಕತ್ತರಿ ನಿಲ್ಲುತ್ತಿತ್ತು, ಭಾವನ ಬಾಯಿ ಓಡುತ್ತಿತ್ತು.

ಸಲೂನಿನೊಳಗೆ ಎರಡು ಕುರ್ಚಿ, ಎದುರಿಗೆ ಗೋಡೆಯುದ್ದಕ್ಕೂ ಕನ್ನಡಿ. ಟಿವಿ ಇದ್ದದ್ದು ಹಿಂದಿನ ಗೋಡೆಯಲ್ಲಿ, ಗಿರಾಕಿಗಳು ಕಾಯುವ ಬೆಂಚಿನ ನೆತ್ತಿಯ ಮೇಲೆ. ಕುರ್ಚಿಯಲ್ಲಿ ಕೂತವರು ಕತ್ತು ತಿರುಗಿಸುವ ಹಾಗಿಲ್ಲ, ತಿರುಗಿಸಿದರೆ ಕಿವಿಗೆ ಅಪಾಯ. ಬೆಂಚಿನವರಿಗೆ ಟಿವಿ ಇರುವುದು ತಲೆಯ ಮೇಲೇ. ಹೀಗಾಗಿ ಭಾವನೂ ಗಿರಾಕಿಗಳೂ ಎಲ್ಲರೂ ಟಿವಿಯನ್ನು ಕನ್ನಡಿಯಲ್ಲೇ ನೋಡುತ್ತಿದ್ದರು. ಮೊದಮೊದಲು ಅಕ್ಷರವೆಲ್ಲ ತಿರುವುಮುರುವಾಗಿ ಕಂಡು ತಲೆ ಕೆಡುತ್ತಿತ್ತಂತೆ. ಆಮೇಲೆ ಅಭ್ಯಾಸವಾಯಿತು. ವರ್ಷಗಟ್ಟಲೆ ನೋಡಿದ ಮೇಲೆ ಹಾಗೆ ನೋಡುತ್ತಿದ್ದೇವೆ ಎನ್ನುವುದೂ ಮರೆತುಹೋಯಿತು. ಮೂಗಿನ ಮೇಲಿನ ಕನ್ನಡಕದ ಹಾಗೆ.

ಆ ಸಂಜೆ ಪರದೆಯ ಮೇಲೆ ಒಂದು ಬಾವುಟ ಬಂತು. ಕನ್ನಡಿಯೊಳಗೆ ಎಡಕ್ಕೆ ಕಿತ್ತಳೆ, ನಡುವೆ ಬಿಳಿ, ಬಲಕ್ಕೆ ಹಸಿರು. ಕುರ್ಚಿಯಲ್ಲಿ ನಮ್ಮ ಬಸ್ಸಿನ ಕಂಡಕ್ಟರು. ಊರಿಗೆಲ್ಲ ಗೊತ್ತಿದ್ದ ಮೀಸೆ ಅದು. ಟಿಕೆಟ್ ಕೇಳುವುದಕ್ಕೆ ಮೊದಲೇ ಮೀಸೆ ಕಂಡು ಜನ ಚಿಲ್ಲರೆ ತೆಗೆಯುತ್ತಿದ್ದರು. ಭಾವ ಅದರ ತುದಿಯನ್ನು ಕತ್ತಿಯಲ್ಲಿ ಹದ ಮಾಡುತ್ತಿದ್ದವನು, ಟಿವಿಯವರಿಗಿಂತ ಮುಂಚೆ "ಐರ್ಲೆಂಡ್" ಎಂದು ಕೈ ಎತ್ತಿಬಿಟ್ಟ. ಉತ್ತರ ಸರಿಯಾಗಿತ್ತು. ಕತ್ತಿ ಹೋದ ದಾರಿ ಸರಿಯಾಗಿರಲಿಲ್ಲ.

ಅರ್ಧ ಮೀಸೆ ಇಟ್ಟುಕೊಂಡು ಯಾರು ಓಡಾಡುತ್ತಾರೆ? ಉಳಿದರ್ಧವನ್ನೂ ಬೋಳಿಸಬೇಕಾಯಿತು. ಮರುದಿನ ಬಸ್ಸಿನಲ್ಲಿ ಒಬ್ಬ ಅಜ್ಜಿ ಚೀಲವನ್ನು ಎದೆಗೆ ಅವಚಿಕೊಂಡು, ಕಂಡಕ್ಟರು ಬರಲಿ, ದುಡ್ಡು ಅವರ ಕೈಗೇ ಕೊಡುತ್ತೇನೆ ಅಂದಳಂತೆ. ಕಂಡಕ್ಟರು ಈ ಸಂಕಟವನ್ನು ಭಾವನ ಹತ್ತಿರ ಹೇಳಲಿಲ್ಲ. ನೇರವಾಗಿ ಅಕ್ಕನ ಹತ್ತಿರ ಹೋಗಿ ಹೇಳಿದ. ಯಾರ ಹತ್ತಿರ ಹೇಳಿದರೆ ಕೆಲಸವಾಗುತ್ತದೆ ಎಂಬುದು ನಮ್ಮ ಬೀದಿಗೆಲ್ಲ ಗೊತ್ತು.

ಟಿವಿ ಹೋಗಬೇಕು ಅಂದಳು ಅಕ್ಕ. ಭಾವ ಎರಡು ದಿನ ಮಂಕಾಗಿ ಓಡಾಡಿದ. ತಾನು ಶಾಲೆ ಅಂತ ಕಂಡದ್ದು ಅದೊಂದೇ, ಈಗ ಅದನ್ನೂ ಬಿಡಿಸುತ್ತಿದ್ದಾಳೆ ಎಂದು ನನ್ನ ಹತ್ತಿರ ಗೋಳಾಡಿದ. ಶಾಲೆಯಲ್ಲಿ ಯಾರ ಮೀಸೆಯೂ ಹೋಗುವುದಿಲ್ಲ ಭಾವ, ಅಂದೆ. ಅಷ್ಟರಲ್ಲಿ ಅದೇ ಕಾರ್ಯಕ್ರಮದವರಿಂದ ಫೋನು ಬಂತು. ಅವನು ಎಂದೋ ಹೆಸರು ಕೊಟ್ಟಿದ್ದನಂತೆ, ಈಗ ಕರೆದಿದ್ದಾರೆ.

ಅಕ್ಕ ಯೋಚನೆ ಮಾಡಿ ಒಂದು ಮಾತು ಹೇಳಿದಳು. "ಒಂದೇ ಒಂದು ಸುತ್ತು ಗೆದ್ದು ಬನ್ನಿ. ಟಿವಿ ಅಂಗಡಿಯಲ್ಲೇ ಇರುತ್ತೆ, ನಾನು ಚಕಾರ ಎತ್ತಲ್ಲ. ಸೋತ್ರೆ ಮಾತ್ರ ನಿಮ್ಮ ಕೈಯಿಂದಲೇ ಕಳಚಬೇಕು."

ಭಾವ ಒಪ್ಪಿದ. ಒಪ್ಪುವಾಗ ಸ್ವಲ್ಪ ನಕ್ಕ ಕೂಡ. ಗೆದ್ದೇ ಬಿಟ್ಟವನ ನಗು.

ಜೊತೆಗೆ ಒಬ್ಬರು ಬರಬಹುದು ಎಂದಿದ್ದರು, ನಾನು ಹೋದೆ. ಸ್ಟುಡಿಯೋ ಅಂದರೆ ಏನೋ ಅರಮನೆ ಅಂದುಕೊಂಡಿದ್ದೆ. ಒಳಗೆ ನೋಡಿದರೆ ಗೋಡೆಯೆಲ್ಲ ಪ್ಲೈವುಡ್ಡು, ಹಿಂದುಗಡೆ ಬಣ್ಣ ಕೂಡ ಹಚ್ಚಿಲ್ಲ. ಪ್ರಶ್ನೆ ಕೇಳುವ ನಿರೂಪಕರ ಕೋಟು ಮುಂದಿನಿಂದ ಮಿಂಚುತ್ತಿತ್ತು, ಬೆನ್ನಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಸಾಲಾಗಿ ಹಾಕಿ ಬಿಗಿ ಮಾಡಿದ್ದರು. ಅಳತೆ ತಪ್ಪಿದ ಕೋಟು. ನನಗೆ ಕೈ ತುರಿಸುತ್ತಿತ್ತು. ನೇರ ಪ್ರಸಾರ, ಯಾರೂ ಏಳಬಾರದು, ಮಾತಾಡಬಾರದು ಎಂದು ಹೇಳಿದ್ದರಿಂದ ಸುಮ್ಮನೆ ಕೂತೆ.

ಭಾವನಿಗೆ ಎದುರಾಳಿ ಒಬ್ಬ ಹಲ್ಲಿನ ಡಾಕ್ಟರಮ್ಮ. ಇಬ್ಬರಿಗೂ ಅಕ್ಕಪಕ್ಕ ಕುರ್ಚಿ, ಎದುರಿಗೆ ದೊಡ್ಡ ಪರದೆ. ಮೊದಲ ಪ್ರಶ್ನೆಗೆ ಬಾವುಟ ಬಂತು. ಎಡಕ್ಕೆ ಹಸಿರು, ನಡುವೆ ಬಿಳಿ, ಬಲಕ್ಕೆ ಕಿತ್ತಳೆ. ಭಾವ ಗುಂಡಿ ಒತ್ತಿದ ವೇಗಕ್ಕೆ ಮೇಜೇ ಅಲ್ಲಾಡಿತು.

"ಐವರಿ ಕೋಸ್ಟ್," ಅಂದ.

ತಪ್ಪು, ಅದು ಐರ್ಲೆಂಡ್ ಅಂದರು ನಿರೂಪಕರು. ಭಾವ ಪಾಪ ಎನ್ನುವಂತೆ ಅವರ ಮುಖ ನೋಡಿದ. ಇವರಿಗೆ ಯಾರೋ ತಪ್ಪು ಚೀಟಿ ಕೊಟ್ಟಿದ್ದಾರೆ ಅಂದುಕೊಂಡಿದ್ದನಂತೆ.

ಆಮೇಲೆ ಎರಡು ನಕಾಶೆ ತೋರಿಸಿ, ಇವುಗಳಲ್ಲಿ ಇಟಲಿಯ ಸರಿಯಾದ ನಕಾಶೆ ಯಾವುದು ಎಂದು ಕೇಳಿದರು. ಎರಡೂ ಬೂಟಿನ ಹಾಗೇ ಇದ್ದವು. ಒಂದರ ತುದಿ ಎಡಕ್ಕೆ, ಇನ್ನೊಂದರದು ಬಲಕ್ಕೆ. ಭಾವ ತುದಿ ಬಲಕ್ಕಿದ್ದದ್ದನ್ನು ಆರಿಸಿದ. ತಪ್ಪು ಅಂದಾಗ ಅವನು ಸುಮ್ಮನಿರಲಿಲ್ಲ. ಈ ಬೂಟನ್ನು ನಾನು ಎಷ್ಟು ಸಲ ನೋಡಿದ್ದೇನೆ, ಇದು ಒದೆಯುವುದು ಬಲಕ್ಕೇ ಎಂದು ವಾದಕ್ಕೆ ನಿಂತ. ನಿರೂಪಕರು ನಗುತ್ತಾ, ಇಟಲಿಗೆ ಹೇಳಿ ಕಳಿಸುತ್ತೇವೆ ಅಂದರು. ಜನ ನಕ್ಕರು. ಭಾವನ ಕಿವಿ ಕೆಂಪಾಯಿತು. ನನಗೆ ಅಲ್ಲಿ ಕೂತೇ ಸಲೂನಿನ ಟಿವಿಯ ಸ್ಕ್ರೂ ಒಂದೊಂದಾಗಿ ಬಿಚ್ಚಿದ ಸದ್ದು ಕೇಳಿಸತೊಡಗಿತು.

ಜಾಹೀರಾತಿನ ಬಿಡುವು ಬಂತು. ಭಾವ ಬೆವರಿದ್ದ. ಮೇಕಪ್ಪಿನ ಹುಡುಗಿ ಓಡಿ ಬಂದು, ದೀಪದ ಬೆಳಕು ಬೇಕೆಂದು ಅವನ ಕುರ್ಚಿಯನ್ನು ಪರದೆಗೆ ಬೆನ್ನಾಗಿ ತಿರುಗಿಸಿ, ಮುಖಕ್ಕೆ ಪೌಡರು ತಟ್ಟಿದಳು. ಕೆಲಸ ಮುಗಿಸಿ, ನೋಡ್ಕೊಳ್ಳಿ ಅಂತ ಕೈಗನ್ನಡಿ ಎದುರಿಗೆ ಹಿಡಿದಳು. ದಿನಾ ಗಿರಾಕಿಗಳಿಗೆ ಭಾವ ಹಿಡಿಯುವ ಹಾಗೇ. ಭಾವ ತನ್ನ ಮುಖ ನೋಡಲಿಲ್ಲ. ಅವನ ಭುಜದ ಮೇಲಿನಿಂದ ಕನ್ನಡಿಯಲ್ಲಿ ಪರದೆ ಕಾಣುತ್ತಿತ್ತು. ಸರಿಯುತ್ತರದ ನಕಾಶೆ ಇನ್ನೂ ಅಲ್ಲೇ ಇತ್ತು. ಕನ್ನಡಿಯೊಳಗೆ ಬೂಟು ಬಲಕ್ಕೆ ಒದೆಯುತ್ತಿತ್ತು.

ಭಾವ ಒಂದು ಸಲ ತಿರುಗಿ ಪರದೆ ನೋಡಿದ. ಮತ್ತೆ ಕನ್ನಡಿ ನೋಡಿದ. ಮತ್ತೆ ಪರದೆ. ಆಮೇಲೆ ತುಂಬಾ ಮರ್ಯಾದೆಯಿಂದ, "ತಾಯಿ, ಈ ಕನ್ನಡಿ ಸ್ವಲ್ಪ ಹೊತ್ತು ನನ್ನ ಹತ್ರ ಇರಲಿ," ಅಂದ.

ಬಿಡುವು ಮುಗಿದು ನಿರೂಪಕರು ಬಂದರೆ ಸ್ಪರ್ಧಿ ಪರದೆಗೆ ಬೆನ್ನು ಹಾಕಿ, ಕೈಯಲ್ಲಿ ಕನ್ನಡಿ ಹಿಡಿದು, ಸಿಂಗರಿಸಿಕೊಳ್ಳುವ ಮದುಮಗಳ ಹಾಗೆ ಕೂತಿದ್ದಾನೆ. ಸ್ವಾಮಿ, ಈ ಕಡೆ ತಿರುಗಿ ಅಂದರು. ಭಾವ ತಿರುಗಲಿಲ್ಲ. ಅಂಗಡಿಯಲ್ಲಿ ಟಿವಿ ಬೆನ್ನ ಹಿಂದೆ ಇರುವುದನ್ನೂ, ತನಗೆ ಲೋಕವೆಲ್ಲ ಈ ಕಡೆಯಿಂದಲೇ ಪರಿಚಯ ಎನ್ನುವುದನ್ನೂ ವಿವರವಾಗಿ ಹೇಳಿದ. ಹೀಗೆ ಕೂರಬಾರದು ಅಂತ ನೀವು ಮೊದಲೇ ಹೇಳಿಲ್ಲವಲ್ಲ ಎಂದೂ ಸೇರಿಸಿದ. ನಿರೂಪಕರು ಕತ್ತಲಲ್ಲಿ ಕೂತಿದ್ದ ಮೇಲಿನವರ ಕಡೆ ನೋಡಿದರು. ಅಲ್ಲಿ ಗುಸುಗುಸು ನಡೆಯಿತು.

ಆಗ ಬಾಯಿ ಹಾಕಿದ್ದು ಎದುರಾಳಿ ಡಾಕ್ಟರಮ್ಮ. "ಬಿಡಿ ಸರ್, ಪಾಪ. ಮೇಲಿನ ದವಡೆ ಹಲ್ಲಿಗೆ ನಾನೂ ದಿನವಿಡೀ ಕನ್ನಡಿಯಲ್ಲೇ ನೋಡೋದು. ಅಭ್ಯಾಸ ಆದ್ಮೇಲೆ ನೇರ ನೋಡಿದ್ರೇ ದಾರಿ ತಪ್ಪುತ್ತೆ."

ಕತ್ತಲಿನಿಂದ ಒಂದು ಹೆಬ್ಬೆರಳು ಮೇಲೆದ್ದಿತು.

ಅಲ್ಲಿಂದ ಮುಂದೆ ಭಾವನನ್ನು ಹಿಡಿಯುವವರಿಲ್ಲ. ಬಾವುಟಗಳು ಹಳೇ ಗಿರಾಕಿಗಳ ಹಾಗೆ ಒಂದೊಂದಾಗಿ ಬಂದವು, ಒಂದೊಂದರ ಹೆಸರನ್ನೂ ಅವನು ಹೇಳಿದ. ವಾಲಿದ ಗೋಪುರ, ತುಂಡು ನಕಾಶೆ, ಯಾವುದೂ ಉಳಿಯಲಿಲ್ಲ. ಅಕ್ಷರದಲ್ಲಿ ಬಂದ ಪ್ರಶ್ನೆಯನ್ನು ನಿರೂಪಕರು ಓದಿ ಮುಗಿಸುವ ಮೊದಲೇ ಇವನು ಕನ್ನಡಿಯಲ್ಲಿ ಓದಿ ಮುಗಿಸಿರುತ್ತಿದ್ದ. ಡಾಕ್ಟರಮ್ಮನೂ ಬಿಟ್ಟುಕೊಡುವವಳಲ್ಲ. ಸುತ್ತು ಮುಗಿಯುವಾಗ ಇಬ್ಬರೂ ಸಮ ಸಮ. ಇನ್ನು ಒಂದೇ ಪ್ರಶ್ನೆ, ಗೆದ್ದವರದು ಸುತ್ತು.

ಪರದೆಯ ಮೇಲೆ ಮತ್ತೆ ಬಾವುಟ. ಎಡಕ್ಕೆ ಕೆಂಪು, ನಡುವೆ ಹಳದಿ, ಬಲಕ್ಕೆ ಹಸಿರು.

ಡಾಕ್ಟರಮ್ಮ ಮೊದಲು ಗುಂಡಿ ಒತ್ತಿದಳು. ಅವಳು ಧೈರ್ಯವಾಗಿ, "ಮಾಲಿ," ಅಂದಳು.

ತಪ್ಪು ಅಂದರು. ಅವಕಾಶ ಭಾವನಿಗೆ ಬಂತು. ಭಾವ ಕನ್ನಡಿಯನ್ನು ಅಂಗಿಯ ತುದಿಯಿಂದ ಒಮ್ಮೆ ಒರೆಸಿ, "ಗಿನಿ," ಅಂದ.

ಗಿನಿಯೇ ಆಗಿತ್ತು.

ಡಾಕ್ಟರಮ್ಮ ತಲೆಗೆ ಕೈ ಹೊತ್ತುಕೊಂಡು ನಗುತ್ತಿದ್ದಳು. ಆಮೇಲೆ ಹೊರಗೆ ಟೀ ಕುಡಿಯುವಾಗ ವಿಷಯ ಹೇಳಿದಳು. ಪಕ್ಕದಲ್ಲೇ ಕನ್ನಡಿ ಹಿಡಿದು ಕೂತಿದ್ದಾನಲ್ಲ, ಹಾಳು ಅಭ್ಯಾಸ, ಕಣ್ಣು ಪರದೆ ಬಿಟ್ಟು ಅದರೊಳಗೇ ಹೋಗಿಬಿಟ್ಟಿತಂತೆ. ಕನ್ನಡಿಯಲ್ಲಿ ಹಸಿರು ಎಡಕ್ಕಿತ್ತು. ಹಸಿರು ಎಡಕ್ಕಿದ್ದರೆ ಅದು ಮಾಲಿಯೇ. ಭಾವ ಕನ್ನಡಿ ಪಕ್ಕಕ್ಕಿಟ್ಟು ಅವಳ ಕ್ಷಮೆ ಕೇಳಿದ. ಹಲ್ಲು ನೋವು ಬಂದರೆ ಬನ್ನಿ, ಸೇಡು ತೀರಿಸಿಕೊಳ್ಳುತ್ತೇನೆ ಅಂದಳು ಅವಳು.

ಮುಂದಿನ ಸುತ್ತಿನಲ್ಲಿ ಭಾವ ಸೋತ. ಅದರಲ್ಲಿ ಪರದೆಯೇ ಇರಲಿಲ್ಲ, ಬರೀ ಹಾಡು ಕೇಳಿಸಿದರು. ಅವನಿಗೆ ಬೇಸರವೇನೂ ಆಗಲಿಲ್ಲ. ಬೇಕಿದ್ದ ಸುತ್ತು ಕಿಸೆಯಲ್ಲಿತ್ತು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಟಿವಿಗೆ ಹೊಸ ರಿಮೋಟು ತರುವ ಮಾತಾಡುತ್ತಾ ಬಂದ. ಸಲೂನಿನ ಬಾಗಿಲಲ್ಲಿ ಜನ ನೆರೆದಿದ್ದರು. ಗಿರಾಕಿಗಳೆಲ್ಲ ಕಾರ್ಯಕ್ರಮವನ್ನು ಅಲ್ಲೇ ಕೂತು, ಕನ್ನಡಿಯಲ್ಲೇ ನೋಡಿದ್ದರು. ಮೊದಲ ಬಾವುಟ ಅವರಿಗೆ ಎಂದಿನ ಐರ್ಲೆಂಡ್ ಆಗಿಯೇ ಕಂಡಿತ್ತು. ಗೊತ್ತಿರುವುದನ್ನು ಹೀಗೆ ತಪ್ಪು ಹೇಳುತ್ತಾನಲ್ಲ, ಕ್ಯಾಮೆರಾ ಕಂಡು ಹೆದರಿದ್ದಾನೆ ಎಂದು ಮರುಗಿದ್ದರಂತೆ. ಅಕ್ಕ ಒಬ್ಬಳೇ ಕುರ್ಚಿಯಲ್ಲಿ ಕೂರದೆ, ಕನ್ನಡಿಯ ಕೆಳಗಿನ ಬಾಚಣಿಗೆಗಳ ಕಪಾಟಿಗೆ ಒರಗಿ ನಿಂತು ನೇರ ಟಿವಿ ನೋಡಿದ್ದಳು. ಮೊದಲ ಬಾವುಟಕ್ಕೇ ಅವಳಿಗೆ ಎಲ್ಲ ತಿಳಿದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಾರೆ, ನಮ್ಮನೆಯವರಿಗೆ ಅದಕ್ಕೂ ಬೇಕು ಅಂದಳಂತೆ.

ಭಾವ ಎದೆಯುಬ್ಬಿಸಿ ಒಳಗೆ ಹೋದ. ಹಿಂದಿನ ಗೋಡೆ ಬರಿದಾಗಿತ್ತು. ನಾಲ್ಕು ತೂತು ಮಾತ್ರ.

"ಮಾತು ಕೊಟ್ಟಿದ್ದೆ ನೀನು," ಅಂದ ಭಾವ, ದನಿ ಸಣ್ಣಗೆ ಮಾಡಿ.

"ಅಂಗಡಿಯಲ್ಲೇ ಇರುತ್ತೆ ಅಂದಿದ್ದೆ. ಇದೆಯಲ್ಲ ರೀ, ಕತ್ತೆತ್ತಿ ನೋಡಿ."

ಟಿವಿ ಮುಂದಿನ ಗೋಡೆಯಲ್ಲಿ, ಕನ್ನಡಿಯ ಮೇಲೆ ಕೂತಿತ್ತು. ಬಡಗಿಯನ್ನು ಕರೆಸಿ ಆಗಲೇ ಹೊಡೆಸಿದ್ದಳು. ಎಲ್ಲಿರಬೇಕು ಎನ್ನುವ ಮಾತು ಕರಾರಿನಲ್ಲಿ ಬಂದಿರಲಿಲ್ಲವಲ್ಲ.

ಮರುದಿನ ಸಂಜೆಯೇ ಪರಿಣಾಮ ಗೊತ್ತಾಯಿತು. ಭಾವನ ಬಾಯಿಂದ ಒಂದು ಬಾವುಟವೂ ಸರಿಯಾಗಿ ಬರಲಿಲ್ಲ. ಗಿರಾಕಿಗಳಿಂದಲೂ ಬರಲಿಲ್ಲ. ಟಿವಿ ಐರ್ಲೆಂಡ್ ತೋರಿಸಿದಾಗ ಇಡೀ ಅಂಗಡಿ ಒಂದೇ ಕಂಠದಲ್ಲಿ ಐವರಿ ಕೋಸ್ಟ್ ಅಂದಿತು. ಎರಡು ದಿನ ಹೀಗೇ ಆದ ಮೇಲೆ ಭಾವ ಮಾತು ಬಿಟ್ಟು ಕತ್ತರಿ ಆಡಿಸತೊಡಗಿದ. ಹಲಗೆಯಾಚೆ ಸಂಜೆ ಹೊತ್ತು ಕತ್ತರಿ ಸದ್ದು ಕೇಳಿ ನನಗೇ ವಿಚಿತ್ರ ಅನಿಸಿತು.

ಆದರೆ ಸುಮ್ಮನೆ ಸೋಲುವ ಮನುಷ್ಯ ಅಲ್ಲ ನಮ್ಮ ಭಾವ. ಒಂದು ಬೆಳಿಗ್ಗೆ, ಅಕ್ಕನ ಹಳೇ ಕಪಾಟಿನ ಬಾಗಿಲ ಕನ್ನಡಿಯನ್ನು ತಂದು ಹಿಂದಿನ ಗೋಡೆಗೆ, ಅದೇ ನಾಲ್ಕು ತೂತಿನ ಜಾಗದಲ್ಲಿ ಹೊಡೆದ. ಗಿರಾಕಿಗಳಿಗೆ ತಮ್ಮ ಹಿಂದಲೆ ಕಾಣಲಿ ಅಂತ ಎಂದು ಅಕ್ಕನಿಗೆ ಹೇಳಿದ. ನನಗೆ ಮಾತ್ರ ಕಣ್ಣು ಹೊಡೆದ. ಮೇಲಿನ ಟಿವಿ ಹಿಂದಿನ ಕನ್ನಡಿಯಲ್ಲಿ ಬೀಳುತ್ತದೆ, ಅದು ಮುಂದಿನ ಕನ್ನಡಿಯಲ್ಲಿ ಕಾಣುತ್ತದೆ, ಮತ್ತೆ ಎಲ್ಲ ಮೊದಲಿನ ಹಾಗೆ. ಇದು ಅವನ ಲೆಕ್ಕ.

ಸಂಜೆ ಕುರ್ಚಿಯಲ್ಲಿ ಕಂಡಕ್ಟರು. ಹೊಸ ಮೀಸೆ ಹುಲ್ಲಿನ ಹಾಗೆ ಮೊಳೆತಿತ್ತು. ಅಕ್ಕ ಬೆಂಚಿನ ಮೇಲೆ ಬಂದು ಕೂತಳು, ಏನೋ ಕೆಲಸ ಇರುವವಳ ಹಾಗೆ. ಟಿವಿಯಲ್ಲಿ ಬಾವುಟ ಬಂತು. ಭಾವ ಎದುರಿನ ಕನ್ನಡಿಯೊಳಗಿನ ಕನ್ನಡಿಯೊಳಗಿನ ಟಿವಿಯನ್ನು ನೋಡಿದ. ನೋಡುತ್ತಲೇ ಇದ್ದ. ಒಂದು ಕನ್ನಡಿ ತಿರುಗಿಸಿದ್ದನ್ನು ಇನ್ನೊಂದು ಮತ್ತೆ ತಿರುಗಿಸಿ ನೆಟ್ಟಗೆ ಮಾಡಿಬಿಟ್ಟಿತ್ತು.

"ಯಾವ ದೇಶ?" ಅಂದ ಕಂಡಕ್ಟರು, ಬಾಯಿ ಅಲ್ಲಾಡಿಸದೆ.

"ಮೀಸೆ ಬೆಳೀಲಿ, ಆಮೇಲೆ ಹೇಳ್ತೀನಿ," ಅಂದ ಭಾವ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಬಿದ್ದವನೂ ಮೀಸೆಯವನೂ ಬೇರೆ ಬೇರೆ. ಅಕ್ಕ ಎದ್ದು, ಎರಡು ಕನ್ನಡಿಗಳ ನಡುವೆ ನಿಂತು ತನ್ನ ಜಡೆಯ ಹಿಂಭಾಗವನ್ನು ಎಡಕ್ಕೆ ಬಲಕ್ಕೆ ತಿರುಗಿ ಚೆನ್ನಾಗಿ ನೋಡಿಕೊಂಡಳು. ಈ ಕನ್ನಡಿ ಇಲ್ಲೇ ಇರಲಿ ಅಂದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಾನು ನನ್ನ ಯಂತ್ರಕ್ಕೆ ಮರಳಿ, ಹಲಗೆಗೆ ಕಿವಿ ಕೊಟ್ಟು ಕೂತೆ. ಸ್ವಲ್ಪ ಹೊತ್ತಿಗೆ ಕತ್ತರಿ ಮತ್ತೆ ಆಡತೊಡಗಿತು.